ಗ್ರಹ ಎಂಟೋ ಒಂಬತ್ತೋ: ಶಾಲೆಯ ಲೈಬ್ರರಿ ನನಗೆ ಕಲಿಸಿದ್ದು

ನಾನು ಗ್ರಂಥಾಲಯ ವಿಜ್ಞಾನ ಓದಿದವನಲ್ಲ, ಸಮಾಜ ವಿಜ್ಞಾನದ ಮೇಷ್ಟ್ರು. ಲೈಬ್ರರಿ ಚಾರ್ಜು ನನ್ನ ತಲೆಗೆ ಬಂದದ್ದು ಮಿಕ್ಕವರೆಲ್ಲ ಬೇಡ ಅಂದಿದ್ದರಿಂದ. ಅವರು ಯಾಕೆ ಬೇಡ ಅಂದರು ಎಂಬುದೇನೂ ಗುಟ್ಟಲ್ಲ. ಪುಸ್ತಕ ಕಳೆದರೆ ಚಾರ್ಜಿನಲ್ಲಿ ಇರುವವರು ಉತ್ತರ ಹೇಳಬೇಕು.

ಹಾಗಾಗಿ ಮೊದಲ ವರ್ಷ ನಾನೂ ಕಾವಲುಗಾರನ ಕೆಲಸವನ್ನೇ ಮಾಡಿದೆ. ಗಾಜಿನ ಬೀರು, ಅದಕ್ಕೆ ಬೀಗ, ಬೀಗದ ಕೈ ನನ್ನ ಜೇಬಿನಲ್ಲಿ. ವರ್ಷದ ಕೊನೆಗೆ ಸ್ಟಾಕ್ ತಾಳೆ ನೋಡಿದಾಗ ಒಂದು ಪುಸ್ತಕವೂ ಕಡಿಮೆ ಇರಲಿಲ್ಲ. ಹೆಮ್ಮೆಯಾಯಿತು. ಆಮೇಲೆ ಇಶ್ಯೂ ರಿಜಿಸ್ಟರ್ ತಿರುವಿದೆ. ಅದರಲ್ಲಿದ್ದ ಹೆಸರುಗಳಲ್ಲಿ ಹೆಚ್ಚಿನವು ಶಿಕ್ಷಕರದ್ದೇ!

ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ ‘ಪುಸ್ತಕಗಳಿರುವುದು ಬಳಕೆಗಾಗಿ’ ಅಂತ. ಇಷ್ಟು ಸಣ್ಣ ಮಾತನ್ನು ಸೂತ್ರ ಮಾಡಬೇಕಿತ್ತಾ ಅನ್ನಿಸುತ್ತದೆ, ಅಲ್ವಾ? ಆದರೆ ಹಿಂದೆ ಯುರೋಪಿನ ಎಷ್ಟೋ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಕಪಾಟಿಗೆ ಬಿಗಿಯುತ್ತಿದ್ದರು. ಆ ಸರಪಳಿ ಪುಸ್ತಕವನ್ನು ನಿಂತಲ್ಲೇ ಓದಬಹುದಿತ್ತು. ನನ್ನ ಬೀರುವಿನ ಪುಸ್ತಕಕ್ಕೆ ಅಷ್ಟೂ ಭಾಗ್ಯ ಇರಲಿಲ್ಲ.

ಎರಡನೇ ವರ್ಷ ಬೀಗ ತೆಗೆದೆ. ರಜೆಯಲ್ಲಿ ಕೂತು, ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಎಲ್ಲಾ ಪುಸ್ತಕಗಳ ಬೆನ್ನಿಗೂ ನಂಬರ್ ಅಂಟಿಸಿದೆ. ಕೀಟಗಳಿಗೆ 595.7, ಹಕ್ಕಿಗಳಿಗೆ 598, ಹೀಗೆ. ಮಕ್ಕಳು ಬಂದು ಕೇಳಿದ್ದು “ಸರ್, ಹುಳುಗಳ ಬುಕ್ ಎಲ್ಲಿ?” ಅಂತ. ಕೊನೆಗೆ ಕಪಾಟಿನ ಅಂಚಿಗೆ ಜೀರುಂಡೆ, ಹಕ್ಕಿ, ನಕ್ಷತ್ರದ ಚಿತ್ರ ಅಂಟಿಸಿದೆವು. ಪುಸ್ತಕವನ್ನು ವಾಪಸ್ ಜಾಗಕ್ಕೆ ಇಡುವ ನನಗೆ ನಂಬರ್ ಬೇಕು, ಹುಡುಕುವ ಅವರಿಗೆ ಚಿತ್ರ ಸಾಕು.

ಇನ್ನೊಂದು ದೊಡ್ಡ ತಪ್ಪು ಮಾಡಿದೆ. ಓದಿದ ಪ್ರತಿ ಪುಸ್ತಕಕ್ಕೂ ಸಾರಾಂಶ ಬರೆಯಬೇಕು ಎಂದೆ. ಮರುವಾರದಿಂದ ತೆಳ್ಳನೆಯ ಪುಸ್ತಕಗಳಿಗೆ ಭಾರಿ ಬೇಡಿಕೆ. ಸಾರಾಂಶ ಹಿಂಬದಿಯ ರಕ್ಷಾಪುಟದಿಂದ ಇಳಿದು ಬರುತ್ತಿತ್ತು. ನಿಲ್ಲಿಸಿಬಿಟ್ಟೆ.

ಪಾಠಕ್ಕೂ ಲೈಬ್ರರಿಗೂ ನಂಟು ಬೆಳೆದದ್ದು ಸೌರಮಂಡಲದ ಪ್ರಾಜೆಕ್ಟ್ ದಿನ. ಅದಕ್ಕೆ ಮೊದಲು ಪ್ರಾಜೆಕ್ಟ್ ಅಂದರೆ ಇಡೀ ತರಗತಿ ಒಂದೇ ಪ್ಯಾರಾ ನಕಲು ಮಾಡಿ ತರುತ್ತಿತ್ತು. ವಿಜ್ಞಾನದ ಮೇಡಂ ಮತ್ತು ನಾನು ಮಾತಾಡಿಕೊಂಡು, ಮಕ್ಕಳನ್ನು ಲೈಬ್ರರಿಗೇ ಕರೆತಂದು ಗುಂಪಿಗೊಂದು ಬೇರೆ ಬೇರೆ ಪುಸ್ತಕ ಕೊಟ್ಟೆವು. ಹತ್ತು ನಿಮಿಷಕ್ಕೆ ಒಬ್ಬಳು ಎದ್ದು ನಿಂತಳು. “ಸರ್, ಇದರಲ್ಲಿ ಒಂಬತ್ತು ಗ್ರಹ ಅಂತಿದೆ. ಅವರ ಬುಕ್ಕಲ್ಲಿ ಎಂಟು.”

ತರಗತಿ ಕೂಡಲೇ ತೀರ್ಪು ಕೊಟ್ಟಿತು: ಪಠ್ಯಪುಸ್ತಕದಲ್ಲಿ ಎಂಟು ಇದೆ, ಆದ್ದರಿಂದ ಒಂಬತ್ತು ತಪ್ಪು. ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು. ಮೇಡಂ ಕಣ್ಣಲ್ಲೇ ತಡೆದರು. “ಆ ಪುಸ್ತಕ ಯಾವಾಗ ಅಚ್ಚಾಗಿದ್ದು, ನೋಡಿ” ಎಂದರು ಅಷ್ಟೇ. ಅಚ್ಚಾದ ವರ್ಷ ಪುಸ್ತಕದಲ್ಲಿ ಎಲ್ಲಿರುತ್ತದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಹುಡುಕಿ ತೆಗೆದರು. ಒಂಬತ್ತರ ಪುಸ್ತಕ 2006ಕ್ಕಿಂತ ಹಳೆಯದು, ಎಂಟರದ್ದು ಹೊಸದು.

1930ರಲ್ಲಿ ಪ್ಲೂಟೊ ಸಿಕ್ಕಿತು, ಒಂಬತ್ತನೇ ಗ್ರಹವಾಯಿತು. 2006ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹಕ್ಕೆ ಮೂರು ಷರತ್ತು ಹಾಕಿತು. ಸೂರ್ಯನನ್ನು ಸುತ್ತಬೇಕು, ತನ್ನ ಗುರುತ್ವದಿಂದಲೇ ದುಂಡಗಾಗಿರಬೇಕು, ತನ್ನ ಕಕ್ಷೆಯ ಸುತ್ತಲಿನ ಜಾಗವನ್ನು ತೆರವು ಮಾಡಿಕೊಂಡಿರಬೇಕು. ಪ್ಲೂಟೊ ಮೂರನೆಯದರಲ್ಲಿ ಫೇಲು. ಇಷ್ಟನ್ನೂ ಮಕ್ಕಳು ಹೊಸ ಪುಸ್ತಕದಿಂದಲೇ ಹೆಕ್ಕಿದರು. ಅಂದರೆ ಹಳೆಯ ಪುಸ್ತಕ ಸುಳ್ಳು ಹೇಳಿರಲಿಲ್ಲ. ಅಚ್ಚಾದಾಗ ಅದು ಸರಿಯೇ ಇತ್ತು.

ಅಲ್ಲಿಗೆ ಮುಗಿಯಲಿಲ್ಲ. ಶನಿಯ ಚಂದ್ರರ ಲೆಕ್ಕವನ್ನೂ ತಾಳೆ ನೋಡಿದರು. ಒಂದೊಂದು ಪುಸ್ತಕದಲ್ಲೂ ಒಂದೊಂದು ಸಂಖ್ಯೆ! ಇಲ್ಲಿ ಬದಲಾದದ್ದು ಷರತ್ತಲ್ಲ. ಹೊಸ ಚಂದ್ರಗಳು ಕಣ್ಣಿಗೆ ಬೀಳುತ್ತಾ ಹೋದವು, ಅಷ್ಟೇ. ಆಗ ಹಿಂದಿನ ಬೆಂಚಿನ ಹುಡುಗ ಕೇಳಿದ, “ಹಾಗಾದ್ರೆ ನಮ್ಮ ಟೆಕ್ಸ್ಟ್ ಬುಕ್ಕೂ ಮುಂದೆ ತಪ್ಪಾಗಬಹುದಾ ಸರ್?” ಒಂದೇ ಪುಸ್ತಕ ಹಿಡಿದು ಎಷ್ಟು ವರ್ಷ ಪಾಠ ಮಾಡಿದ್ದರೂ ನನಗೆ ಈ ಪ್ರಶ್ನೆ ಬಂದಿರಲಿಲ್ಲ. ಬರುವುದಾದರೂ ಹೇಗೆ?

ಅಂದಿನಿಂದ ಯಾವ ಪ್ರಾಜೆಕ್ಟ್ ಆದರೂ ಕನಿಷ್ಠ ಎರಡು ಪುಸ್ತಕ ನೋಡಲೇಬೇಕು, ಹೆಸರಿನ ಪಕ್ಕ ಅಚ್ಚಾದ ವರ್ಷ ಬರೆಯಬೇಕು. ಪುಸ್ತಕಗಳು ಎಲ್ಲಿ ಒಪ್ಪುವುದಿಲ್ಲ ಎಂದು ಒಂದು ಸಾಲು ಬರೆದರೆ ನನಗೆ ಸಾಕು. ಪರಿವಿಡಿ, ಕೊನೆಯ ಪದಸೂಚಿ ಬಳಸುವುದನ್ನೂ ಪ್ರತ್ಯೇಕವಾಗಿ ಕಲಿಸುತ್ತೇನೆ. ಅದು ತಾನಾಗಿ ಬರುವುದಿಲ್ಲ.

ತಮಾಷೆ ಅಂದರೆ ಆ ಒಂಬತ್ತು ಗ್ರಹದ ಪುಸ್ತಕ ನಾನು ತೆಗೆದುಹಾಕಬೇಕೆಂದು ಮಾಡಿಟ್ಟ ಪಟ್ಟಿಯಲ್ಲಿತ್ತು. ಹಳೆಯದನ್ನೆಲ್ಲ ಕಾಪಾಡಬೇಕು ಎನ್ನುವವನಲ್ಲ ನಾನು. ಆರೋಗ್ಯ, ಕಂಪ್ಯೂಟರ್, ನಕ್ಷೆಗಳ ಹಳೇ ಪುಸ್ತಕಗಳನ್ನು ಈಗಲೂ ತೆಗೆಯುತ್ತೇನೆ. ಮಕ್ಕಳು ಅವನ್ನು ನಂಬಿಬಿಡುತ್ತಾರೆ. ಇದೊಂದನ್ನು ಮಾತ್ರ ಮೊದಲ ಪುಟಕ್ಕೆ ಚೀಟಿ ಅಂಟಿಸಿ ಉಳಿಸಿಕೊಂಡಿದ್ದೇನೆ.

ಪುಸ್ತಕ ಕಳೆಯುವುದಿಲ್ಲವಾ? ಕಳೆಯುತ್ತವೆ. ಲೈಬ್ರರಿ ವಹಿಸಿಕೊಳ್ಳುವವರು ದಯವಿಟ್ಟು ಈ ಮಾತನ್ನು ಮೊದಲೇ ಮುಖ್ಯ ಶಿಕ್ಷಕರ ಹತ್ತಿರ ಆಡಿ, ವರ್ಷಕ್ಕೆ ಇಷ್ಟು ಹೋದರೆ ಲೆಕ್ಕದಿಂದ ತೆಗೆಯಬಹುದು ಎಂದು ಬರಹದಲ್ಲಿ ಪಡೆಯಿರಿ. ನಾನು ಇದನ್ನು ಮಾಡಿದ್ದು ತಡವಾಗಿ. ಕಳೆದ ಪುಸ್ತಕಗಳ ಪಟ್ಟಿಯನ್ನೂ ಎಸೆಯಬೇಡಿ. ಮುಂದಿನ ಸಲ ಏನು ತರಿಸಬೇಕು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳುವುದಿಲ್ಲ. ಹೋದ ವರ್ಷ ಅದರಲ್ಲಿ ಮೊದಲಿಗಿದ್ದದ್ದು ಹುಳುಗಳ ಪುಸ್ತಕ. ಈ ಸಲ ಎರಡು ಪ್ರತಿ ತರಿಸಿದ್ದೇನೆ.