ಏಪ್ರಿಲ್‌ನಲ್ಲೂ ಹಸಿರು ಕಂಡ್ರೆ ಮೊದ್ಲು ಅನುಮಾನ ಪಡಿ: ಚಳ್ಳಕೆರೆ ಕಾವಲಲ್ಲಿ ಜಾಲಿ ಹುಡುಕಿದ ನನ್ನ ಅನುಭವ

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ಸುತ್ತಮುತ್ತ ಅಮೃತಮಹಲ್ ಕಾವಲುಗಳಲ್ಲಿ, ಅಂದ್ರೆ ಅಮೃತಮಹಲ್ ದನಗಳಿಗೆ ಅಂತ ಬಿಟ್ಟ ಹುಲ್ಲುಗಾವಲುಗಳಲ್ಲಿ, ಹುಲ್ಲು ಎಷ್ಟು ಉಳಿದಿದೆ, ಹೊರದೇಶದಿಂದ ಬಂದ ಮುಳ್ಳುಗಿಡ ಬಳ್ಳಾರಿ ಜಾಲಿ ಎಷ್ಟು ನುಗ್ಗಿದೆ ಅಂತ ಸ್ಯಾಟಲೈಟ್ ಚಿತ್ರ ನೋಡಿ ಲೆಕ್ಕ ಹಾಕೋದು ಕೆಲವು ವರ್ಷದಿಂದ ನನ್ನ ಕೆಲಸ. ಎಂಎಸ್ಸಿ ಹುಡುಗ್ರು ಆಗಾಗ ಫೋನ್ ಮಾಡಿ ಸರ್ ಹೇಗೆ ಮಾಡಿದ್ರಿ, ಕೋಡ್ ಕೊಡಿ ಅಂತಾರೆ, ಕೋಡ್ ಕೊಡೋದು ದೊಡ್ಡ ವಿಷ್ಯ ಅಲ್ಲ, ಆದ್ರೆ ಯಾವ ತಿಂಗಳ ಚಿತ್ರ ತಗೋಬೇಕು ಯಾಕೆ ತಗೋಬೇಕು ಅನ್ನೋದು ಕೋಡಲ್ಲಿ ಇರಲ್ವಲ್ಲ, ಅದನ್ನೇ ಇಲ್ಲಿ ಬರೀತಿದೀನಿ.

ಮೊದ್ಲು ಎನ್‌ಡಿವಿಐ ಬಗ್ಗೆ ಎರಡು ಮಾತು, ಗೊತ್ತಿರೋರು ಮುಂದಕ್ಕೆ ಹೋಗಿ. ಹಸಿರೆಲೆ ಕೆಂಪು ಬೆಳಕನ್ನ ಹೀರ್ಕೊಳ್ಳುತ್ತೆ, ನಮ್ಮ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕನ್ನ ವಾಪಸ್ ಎಸೆಯುತ್ತೆ. ಇನ್‌ಫ್ರಾರೆಡ್‌ನಿಂದ ಕೆಂಪನ್ನ ಕಳೆದು, ಬಂದಿದ್ದನ್ನ ಎರಡರ ಮೊತ್ತದಿಂದ ಭಾಗಿಸಿದ್ರೆ ಮೈನಸ್ 1ರಿಂದ 1ರ ಒಳಗೆ ಒಂದು ನಂಬರ್ ಬರುತ್ತೆ, ಹಸಿರು ಜಾಸ್ತಿ ಇದ್ರೆ ನಂಬರ್ ಜಾಸ್ತಿ, ಅದೇ ಎನ್‌ಡಿವಿಐ. 1972ರಲ್ಲಿ ಮೊದಲನೇ ಲ್ಯಾಂಡ್‌ಸ್ಯಾಟ್ ಹಾರಿದ ಮೇಲೆ ಟೆಕ್ಸಾಸ್‌ನ ಸಂಶೋಧಕರು ಇದನ್ನ ಬಳಸಿದ್ದೇ ಅಮೆರಿಕದ ಗ್ರೇಟ್ ಪ್ಲೇನ್ಸ್ ಹುಲ್ಲುಗಾವಲು ಯಾವಾಗ ಹಸಿರಾಗುತ್ತೆ ಯಾವಾಗ ಒಣಗುತ್ತೆ ಅಂತ ನೋಡೋಕೆ. ಹುಲ್ಲಿಗೆ ಅಂತ ಶುರುವಾದ ಲೆಕ್ಕ ನಮ್ಮ ಹುಲ್ಲುಗಾವಲಲ್ಲೇ ಯಾಮಾರಿಸುತ್ತೆ ಅನ್ನೋದು ತಮಾಷೆ.

ಯಾಕೆ ಯಾಮಾರಿಸುತ್ತೆ ಅಂದ್ರೆ ಈ ನಂಬರ್‌ಗೆ ಯಾವ ಗಿಡ ಅಂತ ಗೊತ್ತಿರಲ್ಲ, ಹಸಿರು ಎಷ್ಟು ಅಂತ ಮಾತ್ರ ಗೊತ್ತು. 2019ರಲ್ಲಿ ನಾಸಾದ ಮೋಡಿಸ್ ಅನ್ನೋ ಸ್ಯಾಟಲೈಟ್ ಕ್ಯಾಮೆರಾದ ಡೇಟಾ ಇಟ್ಕೊಂಡು ಒಂದು ಪೇಪರ್ ಬಂತು, ಚೀನಾ ಭಾರತ ಎರಡೂ ಹಸಿರಾಗ್ತಿವೆ ಅಂತ, ಪತ್ರಿಕೆಗಳಲ್ಲಿ ಬಹಳ ಓಡ್ತು. ಅದೇ ಪೇಪರ್ ಒಳಗೆ ಭಾರತದ ಹಸಿರು ಹೆಚ್ಚಳದಲ್ಲಿ 82% ಬಂದಿದ್ದು ಬೆಳೆ ಇರೋ ಜಮೀನಿಂದ, ಕಾಡಿಂದ ಬಂದಿದ್ದು 4.4% ಅಷ್ಟೇ ಅಂತ ಬರೆದಿತ್ತು, ಅಷ್ಟು ದೂರ ಯಾರು ಓದ್ತಾರೆ. ಚಳ್ಳಕೆರೆ ಕಾವಲಿಗೂ ಇದೇ ಕಥೆ, ವರ್ಷದ ಸರಾಸರಿ ತೆಗೆದು ಗ್ರಾಫ್ ಹಾಕಿದ್ರೆ ಕೆಲವು ಕಡೆ ಗೆರೆ ಮೇಲಕ್ಕೆ ಹೋಗುತ್ತೆ, ನೋಡಿದೋರು ಪರವಾಗಿಲ್ವೇ ಭೂಮಿ ಸುಧಾರಿಸಿದೆ ಅಂತಾರೆ, ಅಲ್ಲಿಗೆ ಹೋಗಿ ನಿಂತ್ರೆ ದನ ತಲೆ ತೂರಿಸೋಕೂ ಜಾಗ ಇಲ್ಲದ ಹಾಗೆ ಜಾಲಿ ಬೆಳ್ದಿರುತ್ತೆ.

ಹಾಗಾಗಿ ನಾನು ಸರಾಸರಿ ಬಿಟ್ಟು ತಿಂಗಳು ಹಿಡ್ಕೊಂಡೆ. ನಮ್ಮ ಕಡೆ ಮಳೆ ಜಾಸ್ತಿ ಬೀಳೋದು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಹುಲ್ಲು ಆಗಲೇ ಮೇಲೇಳುತ್ತೆ, ಸುತ್ತಲಿನ ಶೇಂಗಾ ಹೊಲಗಳೂ ಹೆಚ್ಚುಕಮ್ಮಿ ಆ ಹೊತ್ತಲ್ಲೇ ಹಸಿರಾಗಿರ್ತವೆ, ಆವಾಗ ತೆಗೆದ ಚಿತ್ರದಲ್ಲಿ ಹುಲ್ಲು, ಜಾಲಿ, ತಂಗಡಿ, ಬೆಳೆ ಎಲ್ಲಾ ಒಂದೇ ಬಣ್ಣ. ಸಂಕ್ರಾಂತಿ ಕಳೀತಿದ್ದ ಹಾಗೆ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತೆ. ಜಾಲಿ ಒಣಗಲ್ಲ, ಅದರ ಬೇರು ಎಷ್ಟು ಆಳಕ್ಕೆ ಹೋಗುತ್ತೋ, ಬಾವಿ ಬತ್ತಿರೋ ಕಡೆನೂ ಹಸಿರಾಗೇ ಇರುತ್ತೆ. ಅದಕ್ಕೆ ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗಿನ, ಅಂದ್ರೆ ಅಶ್ವಿನಿ ಮಳೆ ಶುರುವಾಗೋಕೆ ಮುಂಚಿನ ಚಿತ್ರಗಳನ್ನ ತಗೊಂಡು, ಪ್ರತಿ ಪಿಕ್ಸೆಲ್‌ಗೂ (ಚಿತ್ರದ ಒಂದೊಂದು ಪುಟ್ಟ ಚೌಕಕ್ಕೂ) ಎನ್‌ಡಿವಿಐ ಮೀಡಿಯನ್, ಅಂದ್ರೆ ನಂಬರ್‌ಗಳನ್ನ ಸಾಲಾಗಿ ಜೋಡಿಸಿದ್ರೆ ನಡುವೆ ಬರೋದನ್ನ, ತೆಗೀತೀನಿ. ಆ ಹೊತ್ತಲ್ಲಿ ಮೋಡದ ಕಾಟನೂ ಕಮ್ಮಿ. ನಮ್ಮ ಕಾವಲಲ್ಲಿ ಒಣ ಹುಲ್ಲು 0.15, 0.2ರ ಆಸುಪಾಸು ಇರುತ್ತೆ, ದಟ್ಟ ಜಾಲಿ 0.35ರ ಮೇಲೆ. ನಡುವೆ 0.3ಕ್ಕೆ ಗೆರೆ ಎಳೆದ್ರೆ ಅರ್ಧ ಕೆಲಸ ಆಯ್ತು. ಈ ನಂಬರ್ ನಿಮ್ಮೂರಿಗೆ ಹಾಗೇ ಹೊಂದಲ್ಲ, ಮಣ್ಣಿನ ಬಣ್ಣ ಬದಲಾದ್ರೆ ಇದೂ ಬದಲಾಗುತ್ತೆ, ನೆಲ ನೋಡಿ ನೀವೇ ಹಾಕ್ಕೊಳ್ಳಿ.

ಡೇಟಾ ಎಲ್ಲಾ ಫ್ರೀ. ಯುರೋಪಿನ ಸೆಂಟಿನೆಲ್-2 ಸ್ಯಾಟಲೈಟ್ ಬಳಸ್ತೀನಿ, 2015ರಿಂದ ಇದೆ, 2017ರಲ್ಲಿ ಎರಡನೇದು ಹಾರಿದ ಮೇಲೆ ಐದು ದಿನಕ್ಕೊಂದು ಚಿತ್ರ ಸಿಗುತ್ತೆ, ಕೆಂಪು ಮತ್ತು ಇನ್‌ಫ್ರಾರೆಡ್ ಬ್ಯಾಂಡ್ (ಒಂದೊಂದು ಥರದ ಬೆಳಕಿಗೆ ಒಂದೊಂದು ಪದರ) ಎರಡೂ 10 ಮೀಟರ್ ಪಿಕ್ಸೆಲ್. ಹಳೇ ಕಥೆ ಬೇಕಂದ್ರೆ ಲ್ಯಾಂಡ್‌ಸ್ಯಾಟ್, 30 ಮೀಟರ್. ಗೂಗಲ್ ಅರ್ಥ್ ಇಂಜಿನ್‌ನಲ್ಲಿ ಮಾಡಿದ್ರೆ ಲೆಕ್ಕ ಎಲ್ಲಾ ಗೂಗಲ್ ಕಂಪ್ಯೂಟರ್‌ಗಳಲ್ಲೇ ಆಗುತ್ತೆ, ಡೌನ್‌ಲೋಡ್ ಮಾಡೋ ಗೋಳೇ ಇಲ್ಲ, ನನ್ನ ಹಳೇ ಲ್ಯಾಪ್‌ಟಾಪ್‌ಗೂ ಸಾಕು. ಕೋಡ್ ಬರೆಯೋಕೆ ಬರಲ್ಲ ಅನ್ನೋರು ಕೋಪರ್ನಿಕಸ್ ಬ್ರೌಸರ್‌ನಲ್ಲಿ ಊರಿನ ಹೆಸರು ಹಾಕಿ, ತಾರೀಕು ಆರಿಸಿ, ಎನ್‌ಡಿವಿಐ ಒತ್ತಿದ್ರೆ ಬಣ್ಣದ ಮ್ಯಾಪ್ ಬರುತ್ತೆ.

ಇಲ್ಲಿ ಒಂದು ವಿಷ್ಯ ಗಟ್ಟಿಯಾಗಿ ಹೇಳ್ತೀನಿ. 2022ರ ಜನವರಿ 25ರಿಂದ ಸೆಂಟಿನೆಲ್-2 ಡೇಟಾ ತಯಾರಿಸೋ ರೀತಿ ಬದಲಾಯ್ತು, ಪ್ರತಿ ಬ್ಯಾಂಡಿನ ಬೆಲೆಗೂ 1000 ಸೇರಿಸಿ ಕೊಡ್ತಾರೆ, ನಾವು ಅದನ್ನ ಕಳೆದು ಬಳಸಬೇಕು (ಡೇಟಾದಲ್ಲಿ 10000 ಅಂದ್ರೆ 1, ಹಾಗಾಗಿ 1000 ಅಂದ್ರೆ 0.1). ಕಳೀದಿದ್ರೆ ಏನಾಗುತ್ತೆ ನೋಡಿ, ಕೆಂಪು 0.1, ಇನ್‌ಫ್ರಾರೆಡ್ 0.3 ಇರೋ ಗಿಡದ ಎನ್‌ಡಿವಿಐ 0.5, ಎರಡಕ್ಕೂ 0.1 ಸೇರಿ 0.2, 0.4 ಆದ್ರೆ ಎನ್‌ಡಿವಿಐ 0.33ಕ್ಕೆ ಇಳಿದುಬಿಡ್ತು. ಗಿಡ ಅದೇ, ಎಲೆ ಅದೇ. ಗ್ರಾಫಲ್ಲಿ ಮಾತ್ರ 2022ರಿಂದ ಇಡೀ ತಾಲೂಕೇ ಒಣಗಿದ ಹಾಗೆ ಕಾಣುತ್ತೆ. ಅರ್ಥ್ ಇಂಜಿನ್‌ನಲ್ಲಿ ಹಾರ್ಮೊನೈಸ್ಡ್ ಅಂತ ಹೆಸರಿರೋ ಕಲೆಕ್ಷನ್ ತಗೊಂಡ್ರೆ ಇದನ್ನ ಸರಿ ಮಾಡೇ ಕೊಟ್ಟಿರ್ತಾರೆ. ಇನ್ನೊಬ್ಬರ ಹಳೇ ಕೋಡ್ ಕಾಪಿ ಮಾಡೋರು ಮೊದ್ಲು ಈ ಸಾಲು ನೋಡಿ.

ಆದ್ರೂ ಬೇಸಿಗೇಲಿ ಹಸಿರಾಗಿರೋದೆಲ್ಲಾ ಜಾಲಿ ಅಲ್ಲ. ಬೋರ್‌ವೆಲ್ ನೀರಿನ ಅಡಿಕೆ, ದಾಳಿಂಬೆ ತೋಟಗಳು ಇವೆ, ಅವು ಪಟ್ಟಾ ಜಮೀನು, ಕಾವಲಿನ ಗಡಿ ಹಾಕಿ ಕತ್ತರಿಸಿದ್ರೆ ಹೊರಗೆ ಹೋಗ್ತವೆ. ಗಡಿ ಅಂದಾಜಾಗದಿದ್ರೆ ಕೆಎಸ್‌ಆರ್‌ಎಸ್‌ಎಸಿಯವರ (ರಾಜ್ಯದ ರಿಮೋಟ್ ಸೆನ್ಸಿಂಗ್ ಕೇಂದ್ರ) ದಿಶಾಂಕ್ ಆ್ಯಪ್ ತೆಗೆದು ಸ್ಥಳದಲ್ಲೇ ಸರ್ವೆ ನಂಬರ್ ನೋಡ್ಬಹುದು, ಬಹಳ ಉಪಯೋಗ. ನಿಜವಾದ ತಲೆನೋವು ಬಂದರಿಕೆ ಗಿಡ. ಕಲ್ಲುಗುಡ್ಡದ ಮೇಲೆ ಬೆಳೆಯುತ್ತೆ, ಎಲೆ ಅಂಟಂಟು, ವರ್ಷವಿಡೀ ಹಸಿರು, ದನ ಕುರಿ ಮುಟ್ಟಲ್ಲ, ಮೇಲಿಂದ ನೋಡಿದ್ರೆ ತೆಳು ಜಾಲಿಗೂ ಇದಕ್ಕೂ ವ್ಯತ್ಯಾಸನೇ ಇಲ್ಲ. ಇದನ್ನ ಬೇರೆ ಮಾಡಿದ್ದು ನೆಲದ ಏರುತಗ್ಗಿಂದ, ಜಾಲಿ ಹೆಚ್ಚಾಗಿ ಹಳ್ಳದ ಸಾಲು, ಕೆರೆ ಅಂಗಳ, ರಸ್ತೆ ಬದಿ ಹೀಗೆ ತಗ್ಗು ಹಿಡ್ಕೊಂಡು ಬರುತ್ತೆ, ಬಂದರಿಕೆ ಇಳಿಜಾರಲ್ಲಿ, ಆದ್ದರಿಂದ ಎತ್ತರದ ಡೇಟಾ ಹಾಕಿ ಇಳಿಜಾರು ಜಾಸ್ತಿ ಇರೋ ಪಿಕ್ಸೆಲ್‌ಗಳನ್ನ ಬೇರೆ ಗುಂಪಿಗೆ ಹಾಕ್ದೆ. ನೂರಕ್ಕೆ ನೂರು ಸರಿ ಹೋಗಲ್ಲ, ಗುಡ್ಡದ ಬುಡದಲ್ಲಿ ಎರಡೂ ಬೆರೆತಿರುತ್ತೆ.

ಇನ್ನೊಂದು ಪರೀಕ್ಷೆ ತಾನಾಗೇ ಸಿಕ್ತು. 2022 ಭಾರೀ ಮಳೆಯ ವರ್ಷ, 1933ರ ನಂತರ ಮೊದಲ ಸಲ ಮಾರಿಕಣಿವೆ (ವಾಣಿವಿಲಾಸ ಸಾಗರ) ಡ್ಯಾಂ ಕೋಡಿ ಬಿತ್ತಲ್ಲ, ಅದೇ ವರ್ಷ. ಮಾರನೇ ವರ್ಷ 2023 ಬರ. ಎರಡೂ ವರ್ಷದ ಅಕ್ಟೋಬರ್ ಚಿತ್ರ ಪಕ್ಕಪಕ್ಕ ಇಟ್ಟು ಒಂದರಿಂದ ಒಂದು ಕಳೆದೆ. ಹುಲ್ಲಿರೋ ಕಡೆ ವ್ಯತ್ಯಾಸ ಎದ್ದು ಕಾಣ್ತು, ಜಾಲಿ ದಟ್ಟವಾಗಿರೋ ಕಡೆ ಮಳೆ ಬಂದ್ರೂ ಅಷ್ಟೇ ಬರದಿದ್ರೂ ಅಷ್ಟೇ ಅನ್ನೋ ಥರ. ಬೇಸಿಗೆ ಚಿತ್ರದಲ್ಲಿ ಜಾಲಿ ಅಂತ ಗುರುತು ಮಾಡಿದ ಜಾಗಗಳೇ ಬಹುತೇಕ ಇಲ್ಲೂ ಬಂದಿದ್ದು ನೋಡಿ ಧೈರ್ಯ ಬಂತು. ಇದು ಬರೀ ನಮ್ಮ ರಿಸರ್ಚ್ ವಿಷ್ಯ ಅಲ್ಲ, ಕೇಂದ್ರದ 2016ರ ಬರ ಕೈಪಿಡಿಯಲ್ಲಿ ಬರ ಘೋಷಣೆಗೆ ನೋಡೋ ಸೂಚಕಗಳಲ್ಲಿ ಸ್ಯಾಟಲೈಟ್ ಹಸಿರಿನ ಲೆಕ್ಕನೂ ಒಂದು, ಬರದಲ್ಲೂ ಬಾಡದ ಗಿಡ ಲೆಕ್ಕದೊಳಗೆ ನುಸುಳಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳೋದು ಬೇಡ.

ನೆಲದ ಮೇಲಿನ ಕೆಲಸ ಮಾತ್ರ ತಪ್ಪಿಸೋಕಾಗಲ್ಲ. ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಕಡೆ ಈಕಡೆ ತೋರಿಸುತ್ತೆ, ಪಿಕ್ಸೆಲ್ 10 ಮೀಟರ್, ಅದಕ್ಕೆ ಸುತ್ತ ಮೂವತ್ತು ಮೀಟರಾದ್ರೂ ಒಂದೇ ಥರ ಇರೋ ಜಾಗ ಹುಡುಕಿ ನಡುವೆ ನಿಂತು ಪಾಯಿಂಟ್ ತಗೋಬೇಕು. ಹುಲ್ಲಲ್ಲಿ ಸುಲಭ, ಜಾಲಿ ನಡುವೆ ಹೋಗಿ ನಿಲ್ಲೋದು ಅಂದ್ರೆ ಅಂಗಿ ಆಸೆ ಬಿಡ್ಬೇಕು, ಬೈಕ್ ಟಯರ್ ಪಂಕ್ಚರ್ ಅಂತೂ ಬಿಡಿ. ದೇವರ ಎತ್ತು ಮೇಯಿಸೋ ಕಿಲಾರಿಯೊಬ್ರು ಸಿಕ್ಕಿದ್ರು, ವಯಸ್ಸಾದೋರು, ನಾನು ಮೊಬೈಲ್‌ನಲ್ಲಿ ಮ್ಯಾಪ್ ತೋರಿಸಿ "ಅಜ್ಜಾ, ಇಲ್ಲೆಲ್ಲಾ ಹಸಿರು ಬಂದೈತಲ್ಲ, ಇದೇನು?" ಅಂದೆ. "ಹಸ್ರು ನಿನ್ ಮೊಬೈಲಿಗೆ ಕಣಪ್ಪ, ನಮ್ ಎತ್ತು ಬ್ಯಾಸ್ಗೇಲಿ ತಿನ್ನೋದು ಒಣಹುಲ್ಲು, ಆ ಬೆಳ್ಳಗೆ ತೋರಿಸ್ತೀಯಲ್ಲ ಅಲ್ಲಿ ಐತೆ" ಅಂದ್ರು. ಆಮೇಲೆ ನಡ್ಕೊಂಡು ಹೋಗ್ತಾ ಸಗಣಿ ಒಂದನ್ನ ಕೋಲಲ್ಲಿ ಒಡೆದು ತೋರಿಸಿದ್ರು, ಒಳಗೆ ಜಾಲಿ ಬೀಜ, ಒಂದೂ ಅರಗಿರಲಿಲ್ಲ, ಒಂದೆರಡು ಮೊಳಕೆನೂ ಬಿಟ್ಟಿದ್ವು. ಸೊಪ್ಪು ಮುಟ್ಟದ ದನ ಕಾಯಿ ಮಾತ್ರ ಇಷ್ಟಪಟ್ಟು ತಿನ್ನುತ್ತೆ, ತಿಂದು ಹೋದ ದಾರೀಲೆಲ್ಲಾ ಬಿತ್ತುತ್ತೆ. ನನ್ನ ಮ್ಯಾಪಲ್ಲಿ ಕುಡಿಯೋ ನೀರಿನ ಗುಂಡಿಗಳ ಸುತ್ತ, ದನ ಮಲಗೋ ಜಾಗಗಳ ಸುತ್ತ ಹಸಿರು ಚುಕ್ಕೆ ಯಾಕೆ ಅನ್ನೋದಕ್ಕೆ ಅಲ್ಲೇ ಉತ್ತರ ಸಿಕ್ತು, ಯಾವ ಬ್ಯಾಂಡಲ್ಲೂ ಇದು ಇರ್ಲಿಲ್ಲ.

ಮ್ಯಾಪ್ ಪ್ರಿಂಟ್ ಹಾಕಿ ಊರೋರಿಗೆ ತೋರಿಸಿದಾಗ ಎಲ್ರೂ ಖುಷಿ ಪಡ್ಲಿಲ್ಲ ಅನ್ನೋದನ್ನೂ ಹೇಳ್ಬೇಕು. ಜಾಲಿ ಕಡಿದು ಇದ್ದಿಲು ಸುಟ್ಟು ಮಾರೋ ಮನೆಗಳಿವೆ, ಅವ್ರಿಗೆ ಇದು ಶನಿ ಅಲ್ಲ, ಅನ್ನ. ಒಬ್ಬ ಹೆಂಗಸು ನೇರವಾಗಿ "ಇದನ್ನೂ ತೆಗೆಸ್ತೀರಾ ನೀವು?" ಅಂತ ಕೇಳಿದ್ರು, ನಾನು ಬರೀ ಲೆಕ್ಕ ಹಾಕೋನಮ್ಮ ಅಂದೆ, ಅವ್ರು ನಂಬಿದ ಹಾಗೆ ಕಾಣ್ಲಿಲ್ಲ.

ಈಗ ನೋಡ್ತಿರೋದು ಕಡಿದ ಜಾಗಗಳನ್ನ. ಮೇಲಿಂದ ಕಡಿದು ಬುಡ ಬಿಟ್ಟ ಕಡೆ ಬೇಸಿಗೆ ಎನ್‌ಡಿವಿಐ ಆ ವರ್ಷ ಬೀಳುತ್ತೆ, ಮಳೆ ಮುಗಿದು ಮತ್ತೆ ಬೇಸಿಗೆ ಬರೋ ಹೊತ್ತಿಗೆ ಚಿಗುರು ಹೊಡೆದು ಏರೋಕೆ ಶುರು. ಬುಡಸಮೇತ ಕಿತ್ತ ಕಡೆ ಹುಲ್ಲು ಬರ್ತಿದ್ಯಾ ಅನ್ನೋದನ್ನ ಅಕ್ಟೋಬರ್ ಮತ್ತು ಮಾರ್ಚ್ ಎರಡನ್ನೂ ಸೇರಿಸಿ ನೋಡ್ಬೇಕು, ಅಕ್ಟೋಬರ್‌ನಲ್ಲಿ ಏರಿ ಮಾರ್ಚ್‌ಗೆ ಇಳಿದ್ರೆ ಹುಲ್ಲು ಅಂತ ಲೆಕ್ಕ. ರಾಯಚೂರು ಬಳ್ಳಾರಿ ಕಡೆ ಎರೆ ಭೂಮಿಯಲ್ಲಿ ಮಾಡೋರಿದ್ರೆ ಒಂದು ಎಚ್ಚರ: ಅಲ್ಲಿ ಹಿಂಗಾರಿ ಜೋಳ, ಕಡಲೆ ಜನವರಿವರೆಗೂ ಹಸಿರಿರುತ್ತೆ, ಫೆಬ್ರವರಿ ಚಿತ್ರ ಬಿಟ್ಟುಬಿಡಿ, ಮಾರ್ಚ್ ಕೊನೆ ಏಪ್ರಿಲ್ ಮೊದಲಿಂದು ತಗೊಳ್ಳಿ, ಕಾಲುವೆ ನೀರು ಹರಿಯೋ ಜಾಗ ಇದ್ರೆ ಅದನ್ನ ಮೊದ್ಲೇ ಕತ್ತರಿಸಿ ಪಕ್ಕಕ್ಕಿಡಿ.