ಹೋಸ್ಟಿಂಗ್ ಬದಲಿಸಿ, ಇ-ಮೇಲ್ ಕಳೆದುಕೊಳ್ಳಬೇಡಿ

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು, ತೋಟದ ಕಾಫಿಪುಡಿ, ಕಾಳುಮೆಣಸು, ಜೇನುತುಪ್ಪವನ್ನು ನೇರವಾಗಿ ಗ್ರಾಹಕರಿಗೆ ಮಾರುವವರು ಸ್ವಂತ ವೆಬ್‌ಸೈಟ್ ಇಟ್ಟುಕೊಳ್ಳುವುದು ಈಗ ಹೊಸ ಸಂಗತಿಯೇನಲ್ಲ. ಅದನ್ನು ಕಟ್ಟಿಕೊಟ್ಟವರು ಸಾಮಾನ್ಯವಾಗಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತಾರೆ; ಕೆಲವು ವರ್ಷ ಕಳೆದ ಮೇಲೆ ಅವರು ಫೋನಿಗೂ ಸಿಗುವುದಿಲ್ಲ. ಆಗ ಮಾಲೀಕರ ಕೈಯಲ್ಲಿ ಉಳಿಯುವುದು ಒಂದು ಲಾಗಿನ್, ಒಂದು ಪಾಸ್‌ವರ್ಡ್ ಮತ್ತು ಹತ್ತಾರು ಐಕಾನ್‌ಗಳಿಂದ ತುಂಬಿದ ಕಂಟ್ರೋಲ್ ಪ್ಯಾನೆಲ್. ಅಲ್ಲಿನ ಹೆಚ್ಚಿನ ಕೆಲಸಗಳನ್ನು ನೆಟ್ ಬ್ಯಾಂಕಿಂಗ್ ಬಳಸಬಲ್ಲವರು ಯಾರಾದರೂ ಮಾಡಿಕೊಳ್ಳಬಹುದು. ಜನ ಎಡವುವುದು ಹೋಸ್ಟಿಂಗ್ ಕಂಪನಿಯನ್ನು (ವೆಬ್‌ಸೈಟನ್ನು ತನ್ನ ಸರ್ವರ್‌ನಲ್ಲಿ ಇಟ್ಟುಕೊಂಡಿರುವ ಕಂಪನಿ) ಬದಲಿಸಲು ಹೊರಟು ಡೊಮೇನ್‌ನ, ಅಂದರೆ ವೆಬ್‌ಸೈಟ್ ಹೆಸರಿನ, ರೆಕಾರ್ಡ್‌ಗಳನ್ನು (ಆ ಹೆಸರಿನ ವೆಬ್‌ಸೈಟ್, ಇ-ಮೇಲ್ ಯಾವ ಸರ್ವರ್‌ನಲ್ಲಿವೆ ಎಂದು ಹೇಳುವ ಸಾಲುಗಳು) ತಿದ್ದುವಾಗ. ವೆಬ್‌ಸೈಟ್ ಹೊಸ ಸರ್ವರ್‌ನಿಂದ ಸರಾಗವಾಗಿ ತೆರೆದುಕೊಳ್ಳುತ್ತದೆ, ಮನೆಯವರೆಲ್ಲ ನೋಡಿ ಸಮಾಧಾನಪಡುತ್ತಾರೆ. ಆದರೆ ಬುಕಿಂಗ್ ಇ-ಮೇಲ್‌ಗಳು ಬರುವುದು ನಿಂತುಹೋಗಿರುತ್ತದೆ, ಮತ್ತು ಅದು ಗೊತ್ತಾಗುವುದು ಅತಿಥಿಯೊಬ್ಬರು ಫೋನ್ ಮಾಡಿ ‘ಮೇಲ್ ಕಳುಹಿಸಿ ವಾರವಾಯಿತು, ಉತ್ತರವೇ ಇಲ್ಲವಲ್ಲ’ ಎಂದು ಕೇಳಿದಾಗ ಮಾತ್ರ.

ಇಲ್ಲಿ ಹೇಳಿರುವುದು ಸಿಪ್ಯಾನೆಲ್ ಎಂಬ ಕಂಟ್ರೋಲ್ ಫಲಕವನ್ನು ಮುಂದಿಟ್ಟುಕೊಂಡು. ಪ್ಲೆಸ್ಕ್, ಡೈರೆಕ್ಟ್‌ಅಡ್ಮಿನ್ ಮುಂತಾದವುಗಳಲ್ಲಿ ಹೆಸರುಗಳು ಸ್ವಲ್ಪ ಬೇರೆಯಾದರೂ ಕೆಲಸ ಅದೇ.

ಮೊದಲು ಕೀಲಿಕೈ

ಫಲಕವನ್ನು ತೆರೆಯಲು ಡೊಮೇನ್ ಹೆಸರಿನ ಕೊನೆಗೆ ಕೋಲನ್ ಹಾಕಿ 2083 ಎಂದು ಬರೆಯಬೇಕು. 2082 ಎಂದು ಬರೆದರೂ ತೆರೆಯಬಹುದು, ಆದರೆ ಅದು ಸುರಕ್ಷಿತ ಸಂಪರ್ಕವಲ್ಲ. ಕುಶಾಲನಗರದ ಯಾವುದೋ ಹೋಟೆಲಿನ ವೈಫೈನಲ್ಲಿ ಕುಳಿತು ಅದನ್ನು ಬಳಸಲೇಬಾರದು. ಒಳಹೋದ ಕೂಡಲೇ ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕೀಲಿಕೈ ಇದೆ: ಡೊಮೇನ್ ಹೆಸರನ್ನು ಮಾರಿದ ಕಂಪನಿಯಲ್ಲಿ, ಅಂದರೆ ರಿಜಿಸ್ಟ್ರಾರ್ ಬಳಿ, ಇರುವ ಖಾತೆ. ಅದು ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ, ಬೇರೆಲ್ಲವನ್ನೂ ಬದಿಗಿಟ್ಟು ಮೊದಲು ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಆ ಖಾತೆಗೆ ಕೊಡುವ ಇ-ಮೇಲ್ ವಿಳಾಸ ಅದೇ ಡೊಮೇನ್‌ನದ್ದಾಗಿರಬಾರದು. ಡೊಮೇನ್ ಕೆಟ್ಟ ದಿನ ಆ ಅಂಚೆಯೂ ಕೆಟ್ಟಿರುತ್ತದೆ. ಪಾಸ್‌ವರ್ಡ್ ಬದಲಿಸುವ ಕೊಂಡಿ ಎಂದಿಗೂ ನಿಮ್ಮ ಕೈ ಸೇರುವುದಿಲ್ಲ.

ಕಡತ ಮತ್ತು ಡೇಟಾಬೇಸ್

ಹಳೆಯ ಫಲಕದ ಫೈಲ್ ಮ್ಯಾನೇಜರ್‌ನಲ್ಲಿ, ಸೆಟ್ಟಿಂಗ್ಸ್‌ಗೆ ಹೋಗಿ ಅಡಗಿದ ಕಡತಗಳು ಕಾಣುವಂತೆ ಮಾಡಿದ ಮೇಲೆ, ‘ಪಬ್ಲಿಕ್ ಎಚ್‌ಟಿಎಂಎಲ್’ ಫೋಲ್ಡರ್‌ನ ಒಳಗಿರುವುದೆಲ್ಲವನ್ನೂ ಒಂದೇ ಝಿಪ್ ಮಾಡಿ ಇಳಿಸಿಕೊಳ್ಳಿ. ಚುಕ್ಕಿಯಿಂದ ಹೆಸರು ಆರಂಭವಾಗುವ ‘ಎಚ್‌ಟಿಆಕ್ಸೆಸ್’ ಕಡತ ಬಿಟ್ಟುಹೋದರೆ ಹೊಸ ಸರ್ವರ್‌ನಲ್ಲಿ ಮುಖಪುಟ ಮಾತ್ರ ತೆರೆದು, ಒಳಪುಟಗಳೆಲ್ಲ ‘404’ ಎನ್ನಬಹುದು. ವೆಬ್‌ಸೈಟ್‌ನ ಬರಹ, ಸೆಟ್ಟಿಂಗ್‌ಗಳಿರುವ ಡೇಟಾಬೇಸನ್ನು ಫಲಕದಲ್ಲೇ ಸಿಗುವ ಪಿಎಚ್‌ಪಿಮೈಅಡ್ಮಿನ್‌ನಿಂದ ಎಕ್ಸ್‌ಪೋರ್ಟ್ ಮಾಡಿ. ಹೊಸ ಫಲಕದಲ್ಲಿ ಡೇಟಾಬೇಸ್ ಸೃಷ್ಟಿಸಿ, ಬಳಕೆದಾರನನ್ನು ಸೇರಿಸಿ, ಎಲ್ಲ ಅಧಿಕಾರಗಳನ್ನೂ ಕೊಟ್ಟು, ಇಂಪೋರ್ಟ್ ಮಾಡಿ. ಸಿಪ್ಯಾನೆಲ್ ಡೇಟಾಬೇಸ್ ಮತ್ತು ಬಳಕೆದಾರನ ಹೆಸರುಗಳ ಆರಂಭದಲ್ಲಿ ನಿಮ್ಮ ಖಾತೆಯ ಹೆಸರನ್ನು ಅಂಟಿಸುವುದು ವಾಡಿಕೆ. ವೆಬ್‌ಸೈಟನ್ನು ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ್ದರೆ ಅದರ ಕಾನ್ಫಿಗ್ ಕಡತದಲ್ಲಿ ಆ ಪೂರ್ತಿ ಹೆಸರನ್ನೇ ಬರೆಯಬೇಕು.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಊರುಗಳಲ್ಲಿ ಸಾವಿರಾರು ಬಿಡಿ ಕಡತಗಳನ್ನು ಏರಿಸಲು ಹೋಗಬೇಡಿ. ಒಂದೇ ಝಿಪ್ ಏರಿಸಿ, ಅಲ್ಲಿಯೇ ಎಕ್ಸ್‌ಟ್ರ್ಯಾಕ್ಟ್ ಮಾಡಿ. ಏನೋ ತೆರೆಯುತ್ತಿಲ್ಲವೆಂದು ಕಡತಗಳ ಅನುಮತಿಯನ್ನು 777 ಮಾಡುವ ಸಲಹೆ ಯೂಟ್ಯೂಬ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ಅದು ಯಾರು ಬೇಕಾದರೂ ಬರೆಯಲು ಬಿಟ್ಟಂತೆ. ಫೋಲ್ಡರ್‌ಗೆ 755, ಕಡತಕ್ಕೆ 644 ಸಾಕು.

‘ಅನ್‌ಲಿಮಿಟೆಡ್’ ಎಂದು ಮಾರುವ ಅಗ್ಗದ ಯೋಜನೆಗಳನ್ನು ಕೊಳ್ಳುವ ಮೊದಲು ಐನೋಡ್ ಮಿತಿ ಎಷ್ಟೆಂದು ಕೇಳಿ. ಜಾಗಕ್ಕೆ ಮಿತಿ ಇಲ್ಲದಿದ್ದರೂ ಕಡತಗಳ ಸಂಖ್ಯೆಗೆ ಮಿತಿ ಇರುತ್ತದೆ, ಮತ್ತು ಪ್ರತಿ ಇ-ಮೇಲ್ ಕೂಡ ಒಂದು ಕಡತವೇ.

ಡೊಮೇನ್ ರೆಕಾರ್ಡ್: ಇಲ್ಲಿ ನಿಧಾನವಾಗಿ ನಡೆಯಿರಿ

ಮೊದಲ ಪ್ರಶ್ನೆ, ರೆಕಾರ್ಡ್‌ಗಳನ್ನು ತಿದ್ದಬೇಕಾದದ್ದು ಎಲ್ಲಿ ಎಂಬುದು. ಸಿಪ್ಯಾನೆಲ್‌ನಲ್ಲಿ ಝೋನ್ ಅನ್ನು (ಒಂದು ಡೊಮೇನ್‌ನ ಎಲ್ಲ ರೆಕಾರ್ಡ್‌ಗಳ ಪಟ್ಟಿ) ತಿದ್ದುವ ಝೋನ್ ಎಡಿಟರ್ ಇದೆ ಎಂದ ಮಾತ್ರಕ್ಕೆ ಅಲ್ಲಿ ತಿದ್ದಿದ್ದು ಜಾರಿಗೆ ಬರುತ್ತದೆ ಎಂದಲ್ಲ. ನಿಮ್ಮ ಡೊಮೇನ್‌ನ ನೇಮ್‌ಸರ್ವರ್‌ಗಳು (ರೆಕಾರ್ಡ್‌ಗಳನ್ನು ಕೇಳಿದವರಿಗೆ ಓದಿಹೇಳುವ ಯಂತ್ರಗಳು) ಯಾರ ಹೆಸರಿನಲ್ಲಿವೆಯೋ ಅವರ ಫಲಕದಲ್ಲಿರುವ ರೆಕಾರ್ಡ್‌ಗಳನ್ನು ಮಾತ್ರ ಜಗತ್ತು ಓದುತ್ತದೆ. ನೇಮ್‌ಸರ್ವರ್ ರಿಜಿಸ್ಟ್ರಾರ್‌ನದ್ದಾಗಿರುವಾಗ ಸಿಪ್ಯಾನೆಲ್‌ನ ಝೋನ್ ಎಡಿಟರ್‌ನಲ್ಲಿ ಗಂಟೆಗಟ್ಟಲೆ ತಿದ್ದುವುದು ರದ್ದಾದ ಪಹಣಿಯಲ್ಲಿ ಹೆಸರು ತಿದ್ದಿಸಿದ ಹಾಗೆ. ಡೊಮೇನ್‌ನ ನೋಂದಣಿ ವಿವರ ತೋರಿಸುವ ಹೂಈಸ್ (WHOIS) ಹುಡುಕಾಟದಲ್ಲಿ ನೇಮ್‌ಸರ್ವರ್ ಹೆಸರು ಕಾಣುತ್ತದೆ; ಅದನ್ನು ನೋಡದೆ ಮುಂದಿನ ಸಾಲನ್ನು ಓದಬೇಡಿ.

ಎರಡನೆಯದಾಗಿ, ಈಗಿರುವ ಎಲ್ಲ ರೆಕಾರ್ಡ್‌ಗಳನ್ನೂ ಒಂದು ಎಕ್ಸೆಲ್ ಹಾಳೆಗೆ ಇಳಿಸಿಕೊಳ್ಳಿ: ಎ ಮತ್ತು ಎಎಎಎ (ಸರ್ವರ್‌ನ ಐಪಿ ಸಂಖ್ಯೆ ಹೇಳುವವು), ಸಿನೇಮ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತಿರುಗಿಸುವುದು), ಎಂಎಕ್ಸ್ (ಅಂಚೆ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವುದು), ಟಿಎಕ್ಸ್‌ಟಿ (ಪಠ್ಯದ ಸಾಲು). ಅರ್ಥವಾಗದ ಉದ್ದನೆಯ ಟಿಎಕ್ಸ್‌ಟಿ ಸಾಲುಗಳನ್ನೂ ಬಿಡಬಾರದು. ನೀವು ಕಳುಹಿಸುವ ಅಂಚೆ ಸ್ಪ್ಯಾಮ್‌ಗೆ ಬೀಳದಂತೆ ಕಾಯುವ ಎಸ್‌ಪಿಎಫ್ ಮತ್ತು ಡಿಕಿಮ್ ಇರುವುದು ಅವುಗಳಲ್ಲೇ. ಹೋಸ್ಟಿಂಗ್ ಕಂಪನಿಯ ಸಹಾಯವಾಣಿಯವರು ‘ನೇಮ್‌ಸರ್ವರ್ ಬದಲಿಸಿಬಿಡಿ, ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಬದಲಿಸಿದರೆ ಅಲ್ಲಿಯವರೆಗೆ ನಡೆಯುತ್ತಿದ್ದ ಝೋನ್ ಪೂರ್ತಿಯಾಗಿ ಬದಿಗೆ ಸರಿದು, ಹೊಸ ಸರ್ವರ್ ತಾನಾಗಿ ಮಾಡಿದ, ನಿಮ್ಮ ಹಳೆಯ ರೆಕಾರ್ಡ್‌ಗಳಿಲ್ಲದ ಝೋನ್ ಜಾರಿಗೆ ಬರುತ್ತದೆ. ಬೇರೆ ಕಡೆಗೆ ಹೋಗುತ್ತಿದ್ದ ಅಂಚೆ ನಿಲ್ಲುವುದು ಹೀಗೆ. ಝೋನ್ ರಿಜಿಸ್ಟ್ರಾರ್‌ನಲ್ಲಿಯೇ ಇರಬೇಕು, ಹೋಸ್ಟಿಂಗ್ ಬದಲಿಸುವಾಗ ಎ ರೆಕಾರ್ಡ್ ಒಂದನ್ನು ಮಾತ್ರ ತಿದ್ದಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದನ್ನು ತಿದ್ದುವ ಹಿಂದಿನ ದಿನವೇ ಟಿಟಿಎಲ್ ಅನ್ನು ಇಳಿಸಿ. ಸಿಪ್ಯಾನೆಲ್‌ನಲ್ಲಿ ಅದು ಸಾಮಾನ್ಯವಾಗಿ 14400 ಸೆಕೆಂಡು, ಅಂದರೆ 4 ಗಂಟೆ. ಅಷ್ಟು ಹೊತ್ತು ಬೇರೆಯವರ ಯಂತ್ರಗಳು ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡಿರುತ್ತವೆ. 300ಕ್ಕೆ ಇಳಿಸಿದರೆ ತಪ್ಪಾದಾಗ 5 ನಿಮಿಷದಲ್ಲಿ ಹಿಂದಿರುಗಬಹುದು. ಮಡಿಕೇರಿ ದಸರಾದ ವಾರದಲ್ಲಾಗಲಿ, ಉದ್ದನೆಯ ವಾರಾಂತ್ಯದ ಮುನ್ನಾದಿನವಾಗಲಿ ಈ ಕೆಲಸ ಬೇಡ. ಅತಿಥಿಗಳು ಹೊರಟುಹೋದ ಮೇಲೆ, ಮಂಗಳವಾರವೋ ಬುಧವಾರವೋ ಮಾಡಿ.

ಈಗ ಬಹಳ ಮಂದಿ ಗಮನಿಸದ ಒಂದು ಸಂಗತಿ. ಹಳೆಯ ಹೋಸ್ಟಿಂಗ್‌ನಲ್ಲಿಯೇ ಅಂಚೆಯೂ ಇದ್ದರೆ, ಸಿಪ್ಯಾನೆಲ್ ತಾನಾಗಿ ಮಾಡಿಕೊಟ್ಟ ಎಂಎಕ್ಸ್ ರೆಕಾರ್ಡ್ ಬರಿಯ ಡೊಮೇನ್ ಹೆಸರನ್ನೇ ತೋರಿಸುತ್ತಿರುತ್ತದೆ. ಅಂದರೆ ನೀವು ಎಂಎಕ್ಸ್ ಅನ್ನು ಮುಟ್ಟದೆ ಎ ರೆಕಾರ್ಡ್ ಮಾತ್ರ ತಿದ್ದಿದರೂ ಅಂಚೆ ಅದರ ಬೆನ್ನಿಗೇ ಹೊಸ ಸರ್ವರ್‌ಗೆ ಹೋಗುತ್ತದೆ, ಮತ್ತು ಅಲ್ಲಿ ಆ ಹೆಸರಿನ ಅಂಚೆಪೆಟ್ಟಿಗೆ ಇಲ್ಲದಿದ್ದರೆ ಕಳುಹಿಸಿದವರಿಗೇ ಮರಳುತ್ತದೆ. ಅಂಚೆಯನ್ನೂ ಸ್ಥಳಾಂತರಿಸುವವರು ಎಲ್ಲ ವಿಳಾಸಗಳನ್ನೂ ಹೊಸ ಫಲಕದಲ್ಲಿ ಮೊದಲೇ ಸೃಷ್ಟಿಸಿರಬೇಕು. ಅಂಚೆ ಸದ್ಯಕ್ಕೆ ಹಳೆಯ ಕಡೆಯೇ ಇರಲಿ ಎನ್ನುವವರು ‘ಮೇಲ್’ ಎಂಬ ಉಪಡೊಮೇನ್‌ಗೆ ಹಳೆಯ ಸರ್ವರ್‌ನ ಐಪಿ ಸಂಖ್ಯೆ ಕೊಟ್ಟು ಪ್ರತ್ಯೇಕ ಎ ರೆಕಾರ್ಡ್ ಮಾಡಿ, ಎಂಎಕ್ಸ್ ಅನ್ನು ಆ ಹೆಸರಿಗೆ ತಿರುಗಿಸಿದ ನಂತರವೇ ಮುಖ್ಯ ಎ ರೆಕಾರ್ಡ್‌ಗೆ ಕೈಹಾಕಬೇಕು. ‘ಮೇಲ್’ ಈಗಾಗಲೇ ಸಿನೇಮ್ ಆಗಿದ್ದರೆ ಅದನ್ನು ಅಳಿಸಿ ಎ ರೆಕಾರ್ಡ್ ಮಾಡಿ; ಎಂಎಕ್ಸ್ ಎಂದೂ ಸಿನೇಮ್ ಅನ್ನಾಗಲಿ ಬರಿಯ ಐಪಿ ಸಂಖ್ಯೆಯನ್ನಾಗಲಿ ತೋರಿಸಬಾರದು.

ಅಂಚೆ ಗೂಗಲ್ ವರ್ಕ್‌ಸ್ಪೇಸ್‌ನಂತಹ ಹೊರಗಿನ ಸೇವೆಯಲ್ಲಿದ್ದರೆ ಎಂಎಕ್ಸ್ ಸರಿಯಿದ್ದೂ ಒಂದು ತೊಡಕು ಉಳಿಯುತ್ತದೆ. ಹೊರಗಿನವರು ಬರೆದದ್ದೆಲ್ಲ ತಲುಪುತ್ತದೆ, ವೆಬ್‌ಸೈಟ್‌ನ ‘ಸಂಪರ್ಕಿಸಿ’ ಅರ್ಜಿಯಲ್ಲಿ ತುಂಬಿದ್ದು ಮಾತ್ರ ಬರುವುದಿಲ್ಲ. ಕಾರಣ, ಹೊಸ ಸರ್ವರ್ ಈ ಡೊಮೇನ್‌ನ ಅಂಚೆ ತನ್ನದೇ ಎಂದು ಭಾವಿಸಿ ಅದನ್ನು ಹೊರಗೆ ಬಿಡದೆ ತನ್ನಲ್ಲೇ ಹುಡುಕಿ, ಅಂಥ ಪೆಟ್ಟಿಗೆ ಇದ್ದರೆ ಯಾರೂ ತೆರೆಯದ ಆ ಪೆಟ್ಟಿಗೆಗೆ ಹಾಕುತ್ತದೆ, ಇಲ್ಲದಿದ್ದರೆ ತಿರಸ್ಕರಿಸುತ್ತದೆ. ಸಿಪ್ಯಾನೆಲ್‌ನ ‘ಇಮೇಲ್ ರೂಟಿಂಗ್’ ಪುಟದಲ್ಲಿ ‘ಲೋಕಲ್ ಮೇಲ್ ಎಕ್ಸ್‌ಚೇಂಜರ್’ ಬದಲು ‘ರಿಮೋಟ್ ಮೇಲ್ ಎಕ್ಸ್‌ಚೇಂಜರ್’ ಆಯ್ದುಕೊಂಡರೆ ಇದು ಸರಿಹೋಗುತ್ತದೆ. ಈ ಒಂದು ಗುಂಡಿಯಿಂದಲೇ ಹೋಂಸ್ಟೇಗಳಿಗೆ ಬುಕಿಂಗ್ ಕಳೆದುಹೋಗಬಹುದು.

ಎಸ್‌ಪಿಎಫ್ ಒಂದು ಡೊಮೇನ್‌ಗೆ ಒಂದೇ ಇರಬೇಕು. ಎರಡು ಸೇವೆಗಳು ತಲಾ ಒಂದು ಸಾಲನ್ನು ಕೊಟ್ಟಾಗ ಎರಡನ್ನೂ ಹಾಗೆಯೇ ಅಂಟಿಸಿದರೆ ಎರಡೂ ಅಮಾನ್ಯವಾಗುತ್ತವೆ. ಒಂದೇ ಸಾಲಿನೊಳಗೆ ಎರಡರ ‘ಇನ್‌ಕ್ಲೂಡ್’ ಭಾಗಗಳನ್ನೂ ಸೇರಿಸಿ. ಕೊನೆಯದಾಗಿ, ಪಟ್ಟಿಯಲ್ಲಿ ಎಎಎಎ ರೆಕಾರ್ಡ್ ಇದೆಯೇ ನೋಡಿ. ಅದು ಐಪಿವಿ6 ವಿಳಾಸ. ಎ ಬದಲಾಗಿ ಎಎಎಎ ಹಳೆಯ ಸರ್ವರ್‌ನಲ್ಲೇ ಉಳಿದರೆ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಹೊಸ ವೆಬ್‌ಸೈಟ್, ಮೊಬೈಲಿನಲ್ಲಿ ಹಳೆಯದು ಕಾಣಿಸಬಹುದು. ಹೊಸ ಕಂಪನಿ ಐಪಿವಿ6 ಕೊಡದಿದ್ದರೆ ಆ ಸಾಲನ್ನು ಅಳಿಸಿಬಿಡಿ.

ಬೀಗದ ಚಿಹ್ನೆ ಮತ್ತು ಬ್ಯಾಕಪ್

ಡೊಮೇನ್ ಹೊಸ ಸರ್ವರ್‌ಗೆ ತಿರುಗಿದ ಮೇಲೆ ‘ಎಸ್‌ಎಸ್‌ಎಲ್/ಟಿಎಲ್‌ಎಸ್ ಸ್ಟೇಟಸ್’ ಪುಟದಲ್ಲಿ, ಬ್ರೌಸರ್‌ನಲ್ಲಿ ಬೀಗದ ಚಿಹ್ನೆ ತರುವ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಹಾಕಿಕೊಡುವ ಆಟೋಎಸ್‌ಎಸ್‌ಎಲ್ ಓಡಿಸಿ. ತಿರುಗುವ ಮೊದಲು ಓಡಿಸಿದರೆ ವಿಫಲವಾಗುವುದು ಸಹಜ. ಈ ಪ್ರಮಾಣಪತ್ರ ಉಚಿತ, ಅದರ ನವೀಕರಣವೂ ತಾನಾಗಿಯೇ ಆಗುತ್ತದೆ. ಕಾಫಿಪುಡಿ ಮಾರುವ ವೆಬ್‌ಸೈಟ್‌ಗೆ ವರ್ಷಕ್ಕೆ ಸಾವಿರಾರು ರೂಪಾಯಿಯ ಎಸ್‌ಎಸ್‌ಎಲ್ ಬೇಕು ಎನ್ನುವವರ ಮಾತಿಗೆ ಕಿವಿಗೊಡಬೇಡಿ, ಗೂಢಲಿಪೀಕರಣ ಎರಡರಲ್ಲೂ ಒಂದೇ.

ಬ್ಯಾಕಪ್ ವಿಷಯದಲ್ಲಿ ಒಂದು ಎಚ್ಚರಿಕೆ: ಸಿಪ್ಯಾನೆಲ್‌ನ ‘ಫುಲ್ ಬ್ಯಾಕಪ್’ ಅನ್ನು ನೀವು ಇಳಿಸಿಕೊಳ್ಳಬಹುದು, ಆದರೆ ನೀವೇ ಮರಳಿ ಹಾಕಲಾಗದು, ಅದಕ್ಕೆ ಹೋಸ್ಟಿಂಗ್ ಕಂಪನಿಯವರೇ ಬೇಕು. ಹೋಮ್ ಡೈರೆಕ್ಟರಿ ಮತ್ತು ಡೇಟಾಬೇಸ್‌ಗಳ ಬ್ಯಾಕಪ್ಪನ್ನು ಬೇರೆಬೇರೆಯಾಗಿ ತೆಗೆದು, ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿಟ್ಟುಕೊಂಡರೆ ಯಾರನ್ನೂ ಕಾಯಬೇಕಿಲ್ಲ.

ಹಳೆಯ ಹೋಸ್ಟಿಂಗ್ ಖಾತೆಯನ್ನು ಒಂದು ತಿಂಗಳಾದರೂ ಉಳಿಸಿಕೊಳ್ಳಿ. ಬೇರೆ ಜಿಮೇಲ್ ವಿಳಾಸದಿಂದ ನಿಮಗೆ ನೀವೇ ಮೇಲ್ ಬರೆದು ನೋಡಿ, ಉತ್ತರಿಸಿ ನೋಡಿ, ‘ಸಂಪರ್ಕಿಸಿ’ ಅರ್ಜಿಯನ್ನು ತುಂಬಿ ನೋಡಿ. ಹಳೆಯ ಪೆಟ್ಟಿಗೆಯಲ್ಲಿ ಉಳಿದ ಪತ್ರಗಳನ್ನು ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಎರಡೂ ಖಾತೆಗಳನ್ನು ಐಮ್ಯಾಪ್ (ಸರ್ವರ್‌ನಲ್ಲಿರುವ ಪೆಟ್ಟಿಗೆಯನ್ನೇ ತೆರೆಯುವ ವಿಧಾನ) ಮೂಲಕ ತೆರೆದು ಎಳೆದು ಹಾಕಿಕೊಳ್ಳಬಹುದು. ಖಾತೆ ಮುಚ್ಚುವ ದಿನ ನೇಮ್‌ಸರ್ವರ್ ಹೆಸರನ್ನು ಇನ್ನೊಮ್ಮೆ ನೋಡಿ. ಅದು ಇನ್ನೂ ಹಳೆಯ ಕಂಪನಿಯದ್ದೇ ಆಗಿದ್ದರೆ, ಎಕ್ಸೆಲ್ ಹಾಳೆಯಲ್ಲಿರುವ ರೆಕಾರ್ಡ್‌ಗಳನ್ನು ಹೊಸ ಎ ವಿಳಾಸ ಮತ್ತು ಆಮೇಲೆ ಮಾಡಿದ ಇತರ ತಿದ್ದುಪಡಿಗಳೊಂದಿಗೆ ರಿಜಿಸ್ಟ್ರಾರ್‌ನ ಝೋನ್‌ಗೆ ತುಂಬಿ, ನೇಮ್‌ಸರ್ವರ್ ಅಲ್ಲಿಗೆ ಬದಲಿಸಿ, ಎರಡು ದಿನ ಕಾದ ಮೇಲೆಯೇ ರದ್ದು ಮಾಡಿ.