ಬ್ರಿಟನ್ನಿನ ಆರೈಕೆ ಕೆಲಸದಲ್ಲಿ ಜೀತವನ್ನು ಗುರುತಿಸುವುದು ಹೇಗೆ

ವೃದ್ಧರನ್ನೂ ಅಂಗವಿಕಲರನ್ನೂ ನೋಡಿಕೊಳ್ಳುವವರ ಕೊರತೆಯನ್ನು ನೀಗಿಸಲು ಬ್ರಿಟನ್ 2022ರ ಫೆಬ್ರವರಿಯಲ್ಲಿ ಆರೈಕೆ ಕೆಲಸಕ್ಕೆ ವೀಸಾ ಕೊಡಲಾರಂಭಿಸಿತು. ಭಾರತ, ನೈಜೀರಿಯಾ, ಜಿಂಬಾಬ್ವೆಗಳಿಂದ ಸಾವಿರಾರು ಮಂದಿ ಅಲ್ಲಿಗೆ ಹೋದರು. ಹೊರದೇಶಗಳಿಂದ ಹೊಸಬರನ್ನು ಕರೆಸಿಕೊಳ್ಳುವುದು 2025ರ ಜುಲೈ 22ರಿಂದ ನಿಂತಿದೆ. ಆಗಲೇ ಹೋದವರ ಶೋಷಣೆ ಅದರಿಂದ ನಿಂತಿಲ್ಲ. ಅದನ್ನು ಮೊದಲು ಕಾಣಬಲ್ಲವರು ಜೊತೆಯಲ್ಲಿ ದುಡಿಯುವವರು, ಆರೈಕೆ ಪಡೆಯುವವರ ಮನೆಯವರು ಮತ್ತು ಊರಿನಲ್ಲಿರುವ ಹೆತ್ತವರು.

ಬೀಗ ಹಾಕಿದ ಕೋಣೆಯನ್ನೋ ಮೈಮೇಲಿನ ಗಾಯವನ್ನೋ ಹುಡುಕಿದರೆ ಹೆಚ್ಚಿನ ಪ್ರಕರಣಗಳು ಕಣ್ತಪ್ಪುತ್ತವೆ. ವಿಚಾರಿಸಬೇಕಾದದ್ದು ಸಾಲವನ್ನು. ಸ್ಪಾನ್ಸರ್‌ಶಿಪ್ ಪ್ರಮಾಣಪತ್ರಕ್ಕೆಂದು (ವೀಸಾ ಪಡೆಯಲು ಬೇಕಾದ, ಬ್ರಿಟನ್ನಿನ ಮಾಲೀಕರು ಕೊಡುವ ಪತ್ರ) ಏಜೆಂಟರು ಲಕ್ಷಗಟ್ಟಲೆ ರೂಪಾಯಿ ಕೇಳುತ್ತಾರೆ, ಮನೆಯವರು ಜಮೀನು, ಒಡವೆಗಳನ್ನು ಅಡವಿಟ್ಟು ಕೊಡುತ್ತಾರೆ. ಭಾರತದ ನಿಯಮದಂತೆ ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. 2024ರ ಡಿಸೆಂಬರ್ 31ರಿಂದ ಆ ಪ್ರಮಾಣಪತ್ರದ ಶುಲ್ಕವನ್ನು ಮಾಲೀಕರು ಕೆಲಸಗಾರರಿಂದ ವಸೂಲು ಮಾಡುವಂತೆಯೂ ಇಲ್ಲ. ಆದ್ದರಿಂದ ಲಕ್ಷಗಳ ಬೇಡಿಕೆಯೇ ಮೊದಲ ಎಚ್ಚರಿಕೆ.

ಎರಡನೆಯ ಹಿಡಿತ ವೀಸಾದ್ದು. ಮಾಲೀಕರು ಪ್ರಾಯೋಜನೆಯನ್ನು, ಅಂದರೆ ಸ್ಪಾನ್ಸರ್‌ಶಿಪ್ಪನ್ನು, ಹಿಂತೆಗೆದುಕೊಂಡರೆ ಸರ್ಕಾರ ಸಾಮಾನ್ಯವಾಗಿ 60 ದಿನಗಳ ಅವಧಿ ಕೊಡುತ್ತದೆ. ಅಷ್ಟರೊಳಗೆ ಬೇರೆ ಪ್ರಾಯೋಜಕರು ಸಿಗಬೇಕು, ಇಲ್ಲವೇ ದೇಶ ಬಿಡಬೇಕು. ತೀರದ ಸಾಲವನ್ನು ಹೊತ್ತವರಿಗೆ ಈ ಭಯ ಎಷ್ಟೆಂದು ಅರಿತೇ ಕೆಲವು ಮಾಲೀಕರು ‘ದೂರು ಕೊಟ್ಟರೆ ವಾಪಸ್ ಕಳಿಸುತ್ತೇನೆ’ ಎಂದು ಬೆದರಿಸುತ್ತಾರೆ. ಯಾರನ್ನೂ ಗಡೀಪಾರು ಮಾಡುವ ಅಧಿಕಾರ ಮಾಲೀಕರಿಗಿಲ್ಲ ಎಂಬುದನ್ನು ಕೆಲಸಗಾರರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಸಂಬಳದ ಚೀಟಿಯನ್ನೂ ಕೆಲಸದ ವೇಳಾಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಬಹಳ ಉಪಯುಕ್ತ. ಮನೆಮನೆಗೆ ಹೋಗಿ ಆರೈಕೆ ಮಾಡುವವರು ಬೆಳಗಿನಿಂದ ರಾತ್ರಿಯವರೆಗೆ ಹೊರಗಿದ್ದರೂ, ರೋಗಿಯ ಬಳಿ ಕಳೆದ ಗಂಟೆಗಳಿಗಷ್ಟೇ ಹಣ ಸಿಗುವುದುಂಟು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಸಮಯವನ್ನೂ ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸಲೇಬೇಕು. ಆ ವೇತನ 2025ರ ಏಪ್ರಿಲ್‌ನಲ್ಲಿ 21 ವರ್ಷ ತುಂಬಿದವರಿಗೆ ಗಂಟೆಗೆ 12.21 ಪೌಂಡ್ ಆಯಿತು. ತರಬೇತಿ, ಕಾರು, ಬಾಡಿಗೆ ಎಂದು ವಿವರಣೆಯಿಲ್ಲದ ಕಡಿತಗಳು, ಪೂರ್ಣಾವಧಿ ಕೆಲಸದ ಭರವಸೆ ಕೊಟ್ಟು ವಾರಕ್ಕೆ ಕೆಲವೇ ಗಂಟೆ ಕೊಡುವುದು, ಪಾಸ್‌ಪೋರ್ಟನ್ನೋ ಬ್ಯಾಂಕ್ ಕಾರ್ಡನ್ನೋ ಮಾಲೀಕರೇ ಇಟ್ಟುಕೊಳ್ಳುವುದು, ಇಕ್ಕಟ್ಟಾದ ಕೋಣೆಯಲ್ಲಿ ಹಲವರನ್ನು ಮಲಗಿಸುವುದು, ಮಾತನಾಡಿಸಿದಾಗ ಮೇಲ್ವಿಚಾರಕರೇ ಉತ್ತರಿಸುವುದು, ಇವೂ ಗಮನಿಸಬೇಕಾದ ಲಕ್ಷಣಗಳು.

ಅನುಮಾನ ಬಂದೊಡನೆ ಮಾಲೀಕರನ್ನು ಪ್ರಶ್ನಿಸಬಾರದು, ಏಕೆಂದರೆ ಅದರ ಪೆಟ್ಟು ಬೀಳುವುದು ಕೆಲಸಗಾರರ ಮೇಲೆಯೇ. ಅವರೊಬ್ಬರೇ ಇರುವಾಗ, ಅವರದೇ ಭಾಷೆಯಲ್ಲಿ ‘ಊರಿಗೆ ಎಷ್ಟು ಕಳಿಸಲು ಆಗುತ್ತಿದೆ, ಸಾಲ ತೀರುತ್ತಿದೆಯೇ?’ ಎಂದು ಮೆಲ್ಲಗೆ ಕೇಳಿ. ನಾಚಿಕೆಯಿಂದ ಮನೆಯವರಿಗೂ ಹೇಳದವರು ಇಂಥ ಪ್ರಶ್ನೆಗೆ ಬಾಯಿ ಬಿಡುವ ಸಾಧ್ಯತೆ ಹೆಚ್ಚು. ಉತ್ತರಕ್ಕಾಗಿ ಒತ್ತಾಯಿಸುವುದು ಬೇಡ.

ಪ್ರಾಣಕ್ಕೆ ಅಪಾಯವಿದ್ದರೆ ಬ್ರಿಟನ್ನಿನ ತುರ್ತು ಸಂಖ್ಯೆ 999ಕ್ಕೆ ಕರೆಮಾಡಬೇಕು. ಉಳಿದಂತೆ ಆಧುನಿಕ ಜೀತದ ಸಹಾಯವಾಣಿ 08000 121 700; ಇದು ಉಚಿತ, ಹೇಳಿದ ಮಾತು ಗೋಪ್ಯವಾಗಿರುತ್ತದೆ. ಪೊಲೀಸರು, ಸ್ಥಳೀಯ ಆಡಳಿತ ಅಥವಾ ಸಾಲ್ವೇಶನ್ ಆರ್ಮಿಯಂಥ ಸಂಸ್ಥೆಗಳು ಸಂತ್ರಸ್ತರನ್ನು ಸರ್ಕಾರದ ರಾಷ್ಟ್ರೀಯ ನೆರವು ವ್ಯವಸ್ಥೆಗೆ ಶಿಫಾರಸು ಮಾಡಬಲ್ಲವು. ಅದಕ್ಕೆ ವಯಸ್ಕರ ಒಪ್ಪಿಗೆ ಕಡ್ಡಾಯ. ಊರಿನ ಏಜೆಂಟರ ಬಗ್ಗೆ ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಹಣ ಕೊಟ್ಟ ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳು, ವೇಳಾಪಟ್ಟಿಯ ಚಿತ್ರಗಳು ಇವೆಲ್ಲದರ ಪ್ರತಿಯನ್ನು ಕೆಲಸಗಾರರ ಫೋನಿನಲ್ಲಿ ಮಾತ್ರವಲ್ಲದೆ ನಂಬಿಕೆಯ ಮತ್ತೊಬ್ಬರ ಬಳಿಯೂ ಇಡಿಸಿ.